ದಾರಿ ತಪ್ಪಿದ ಬೋಣಿ

ಹೊಟ್ಟೆಕಿಚ್ಚಿಗೂ ಒಂದು ಚಕ್ಕುಬಂದಿ ಇರುತ್ತದೆ ಎಂಬುದು ನನ್ನ ಅನುಭವ. ಜಮೀನಿನ ಪತ್ರದಲ್ಲಿ ಪೂರ್ವಕ್ಕೆ ಯಾರ ಗದ್ದೆ, ಪಶ್ಚಿಮಕ್ಕೆ ಯಾವ ದಾರಿ ಎಂದು ನಾಲ್ಕು ದಿಕ್ಕಿನ ಗಡಿ ಬರೆಯುತ್ತಾರಲ್ಲ, ಹಾಗೆ. ದೇಶದ ದೊಡ್ಡ ಶ್ರೀಮಂತರ ಮನೆಯ ಚಿತ್ರಗಳನ್ನು ನಾನು ಬಾಳೆಹಣ್ಣು ತಿನ್ನುತ್ತ ನೆಮ್ಮದಿಯಿಂದ ನೋಡಬಲ್ಲೆ. ಅವರ ಮನೆಯ ಸ್ನಾನದ ಕೋಣೆ ನಮ್ಮ ಇಡೀ ಮನೆಗಿಂತ ದೊಡ್ಡದು ಎಂದರೆ, ಗುಡಿಸುವವರ ಸೊಂಟದ ಬಗ್ಗೆ ಮರುಕವಾಗುತ್ತದೆಯೇ ಹೊರತು ಬೇರೇನೂ ಆಗುವುದಿಲ್ಲ. ನನ್ನ ಹೊಟ್ಟೆಕಿಚ್ಚಿನ ಗಡಿ ಉತ್ತರಕ್ಕೆ ಕುಮಟಾ, ದಕ್ಷಿಣಕ್ಕೆ ಭಟ್ಕಳ, ಪೂರ್ವಕ್ಕೆ ಗೇರುಸೊಪ್ಪ, ಪಶ್ಚಿಮಕ್ಕೆ ಸಮುದ್ರ. ಈ ಗಡಿಯೊಳಗೆ ಯಾರಾದರೂ ಹೊಸ ಸ್ಕೂಟರ್ ಕೊಂಡರೆ ಆ ದಿನ ನನಗೆ ಊಟ ಸೇರುವುದಿಲ್ಲ. ಗಡಿಯಾಚೆ ಅಂಕೋಲೆಯಲ್ಲಿ ಯಾರು ವಿಮಾನ ಕೊಂಡರೂ ನನ್ನ ಅಭ್ಯಂತರವಿಲ್ಲ.

ಚಕ್ಕುಬಂದಿಯ ಮಾತು ಸುಮ್ಮನೆ ಬಂದದ್ದಲ್ಲ. ನಾನು ಹೊನ್ನಾವರದಲ್ಲಿ ದಸ್ತಾವೇಜು ಬರೆಯುವವನು. ಕ್ರಯಪತ್ರ, ದಾನಪತ್ರ, ಬಾಡಿಗೆ ಕರಾರು, ಅಣ್ಣತಮ್ಮಂದಿರ ಹಿಸ್ಸೆ ಪತ್ರ, ಇವೇ ನನ್ನ ಅನ್ನ. ಈ ಕಸುಬಿನಲ್ಲಿ ಇರುವವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ: ಕಂಡದ್ದನ್ನು ಕಂಡಷ್ಟೇ, ಕೇಳಿದ್ದನ್ನು ಕೇಳಿದಷ್ಟೇ ಹೇಳುವುದು. ಈಗ ಹೇಳಲಿರುವ ಸಂಗತಿಯನ್ನೂ ಹಾಗೆಯೇ ಹೇಳುತ್ತೇನೆ. ಏಕೆಂದರೆ ಅದು ನಡೆದ ದಿನದಿಂದ ನನ್ನ ಮನಸ್ಸು ಸ್ವಲ್ಪ ಅಲುಗಾಡಿದೆ. ಅಲುಗಾಡಿದ ಮನಸ್ಸಿನವನು ಅವಸರ ಮಾಡಿದರೆ ಸಾಕ್ಷ್ಯ ಕೆಡುತ್ತದೆ.

ಮೊದಲು ನನ್ನ ಷಡ್ಡಕನ ಪರಿಚಯ ಆಗಬೇಕು. ಹೆಸರು ಶ್ರೀಪತಿ. ನನ್ನ ಹೆಂಡತಿ ವತ್ಸಲಾಳ ಅಕ್ಕ ಸರಸಕ್ಕನ ಗಂಡ. ಕುಮಟೆಯಲ್ಲಿ ಕೊಡೆ ಮತ್ತು ಶಾಲೆಯ ಚೀಲಗಳ ಅಂಗಡಿ ಇಟ್ಟುಕೊಂಡಿದ್ದಾನೆ. ಒಬ್ಬ ಮನುಷ್ಯನ ಮೇಲೆ ಅಸೂಯೆಪಡಬೇಕಾದರೆ ಅವನಲ್ಲಿ ಒಂದು ಸಣ್ಣ ದೋಷವಾದರೂ ಇರಬೇಕು. ಅದನ್ನು ಹಿಡಿದುಕೊಂಡು ಮನಸ್ಸು ಸಮಾಧಾನಪಡುತ್ತದೆ. ಶ್ರೀಪತಿ ಆ ಅನುಕೂಲವನ್ನೂ ಒದಗಿಸುವುದಿಲ್ಲ. ಅವನು ಕುಡಿಯುವುದಿಲ್ಲ, ಕೂಗುವುದಿಲ್ಲ, ಮಳೆಗಾಲದಲ್ಲಿ ನನ್ನ ಕೊಡೆಯ ಕಡ್ಡಿ ಮುರಿದರೆ ಕೇಳದೆಯೇ ಸರಿಮಾಡಿ ಕಳಿಸುತ್ತಾನೆ. ತಲೆಯಲ್ಲಿ ಕೂದಲೂ ಇದೆ.

ಅಪ್ಪೆಮಿಡಿ ಉಪ್ಪಿನಕಾಯಿ ನಮ್ಮ ಅತ್ತೆಯ ಮನೆಯ ವಿದ್ಯೆ. ಅತ್ತೆ ಮಾದೇವಿಯಮ್ಮ ಅದನ್ನು ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ ಅಳತೆಯಲ್ಲಿ ಧಾರೆ ಎರೆದಿದ್ದಾರೆ. ಸರಸಕ್ಕನ ಉಪ್ಪಿನಕಾಯಿ, ವತ್ಸಲಾಳ ಉಪ್ಪಿನಕಾಯಿ ಎರಡನ್ನೂ ಕಣ್ಣು ಮುಚ್ಚಿ ತಿಂದರೆ ಯಾವುದು ಯಾರದೆಂದು ಅತ್ತೆಗೂ ಗೊತ್ತಾಗುವುದಿಲ್ಲ. ಎರಡು ವರ್ಷದ ಹಿಂದೆ ಶ್ರೀಪತಿ ತನ್ನ ಹೆಂಡತಿಯ ಉಪ್ಪಿನಕಾಯಿಗೆ ಆನ್‌ಲೈನ್ ಅಂಗಡಿ ತೆರೆದ. ಅಲ್ಲಿಯವರೆಗೆ ನಮ್ಮ ಎರಡು ಮನೆಗಳ ಉಪ್ಪಿನಕಾಯಿಗೂ ಸಮಾನ ಗೌರವವಿತ್ತು. ಆ ಮೇಲೆ ಅವನ ಮೊಬೈಲಿನಲ್ಲಿ ಒಂದು ಗಂಟೆ ಬಾರಿಸತೊಡಗಿತು. ದೇವಸ್ಥಾನದ ಗಂಟೆಯಂಥದ್ದೇ ನಾದ. ಯಾರಾದರೂ ಆರ್ಡರ್ ಕೊಟ್ಟರೆ 'ಟಣ್' ಎನ್ನುತ್ತದೆ. ಶ್ರಾದ್ಧದ ಊಟಕ್ಕೆ ಕುಳಿತಾಗ 'ಟಣ್'. ಉಪನಯನದಲ್ಲಿ ವಟುವಿಗೆ ಮಂತ್ರ ಹೇಳಿಕೊಡುತ್ತಿರುವಾಗ 'ಟಣ್'. ಪುರೋಹಿತರೂ ಒಂದು ಕ್ಷಣ ನಿಲ್ಲಿಸಿ, "ಎಲ್ಲಿಂದ ಬಂತು?" ಎಂದು ಕೇಳುತ್ತಾರೆ. ಶ್ರೀಪತಿ ನಾಚಿಕೊಂಡು "ಪುಣೆ" ಎನ್ನುತ್ತಾನೆ. ಅತ್ತೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, ಕೊನೆಗೆ ನನ್ನ ಮುಖದ ಮೇಲೆ ದೃಷ್ಟಿ ನಿಲ್ಲಿಸಿ, "ಕೇಳ್ತಾ? ಪುಣೆಯಿಂದ ಬಂತು ಹೇಳಿ!" ಎನ್ನುತ್ತಾರೆ.

ನಾನು ಕೇಳಿರುತ್ತೇನೆ. ಆ ಗಂಟೆ ನನಗೆ ಕೇಳಿಸಿದಷ್ಟು ಸ್ಪಷ್ಟವಾಗಿ ಶ್ರೀಪತಿಗೂ ಕೇಳಿಸಿರಲಾರದು.

ಈ ವರ್ಷ ಮಿಡಿ ಕೊಯ್ಯುವ ಹೊತ್ತಿಗೆ ವತ್ಸಲಾ ಒಂದು ದಿನ ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತ, ನನ್ನ ಕಡೆ ನೋಡದೆ ಹೇಳಿದಳು:

"ಇಷ್ಟು ವರ್ಷ ಉಪ್ಪಿನಕಾಯಿ ಮಾಡ್ದಿ. ತಿಂದವ್ವೆಲ್ಲ ಎಂತ ಹೇಳ್ತ್ರು? ಮಾದೇವಿಯಮ್ಮನ ಮಗಳಲ್ದಾ, ಚೊಲೋ ಆಗದೇ ಇರ್ತಾ ಹೇಳ್ತ್ರು. ಈಗ ಮತ್ತೊಂದು ಶುರುವಾಜು. ಸರಸಕ್ಕನ ತಂಗಿ ಅಲ್ದಾ ಹೇಳ್ತ್ರು. ಯನ್ನ ಹೆಸರಲ್ಲಿ ಒಂದು ಅಂಗಡಿ ಮಾಡಿಕೊಡಿ. ಅಕ್ಕಂದ್ರ ಹಾಂಗೆ ಇಪ್ಪದು ಬ್ಯಾಡ. ಬೇರೆ ನಮೂನೆ ಇರ್ಲಿ."

ಇದು ಅವಳು ಆಡಿದ ಮಾತು, ಅಕ್ಷರ ಬಿಡದೆ. 'ಅಕ್ಕಂದ್ರ ಹಾಂಗೆ ಇಪ್ಪದು ಬ್ಯಾಡ', ಎಂದರೆ ಅಕ್ಕನ ಅಂಗಡಿಯ ಹಾಗೆ ಇರುವುದು ಬೇಡ, ಎಂಬ ವಾಕ್ಯ ನನಗೆ ಸ್ಪಷ್ಟವಾಗಿ ಕೇಳಿಸಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ನಾನು "ಆತು" ಎಂದೆ. ಅಂದೇ ರಾತ್ರಿಯ ಊಟಕ್ಕೆ ಮೊದಲು ಶ್ರೀಪತಿಯ ಆನ್‌ಲೈನ್ ಅಂಗಡಿಯನ್ನು ಮೊಬೈಲಿನಲ್ಲಿ ತೆರೆದು, ಬಾಗಿಲಿನಿಂದ ಹಿತ್ತಿಲವರೆಗೆ ಮೂರು ಸಲ ಓಡಾಡಿದೆ. ಅದರ ಹಸಿರು ಬಣ್ಣ ಎಷ್ಟು ಚೆನ್ನಾಗಿತ್ತೆಂದರೆ ನನಗೆ ಬೇರೆ ಯಾವ ಬಣ್ಣವೂ ತೋಚಲಿಲ್ಲ.

ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದು ಭಟ್ಕಳಕ್ಕೆ ಹೋದೆ. ಅಲ್ಲಿ ಇಲ್ಯಾಸ್ ಭಾಯಿ ಇದ್ದಾರೆ. ಬಹಳ ವರ್ಷ ದುಬೈಯಲ್ಲಿ ಕಂಪ್ಯೂಟರ್ ಕೆಲಸ ಮಾಡಿ, ಈಗ ಊರಿಗೆ ಬಂದು, ತಮ್ಮಂದಿರ ಬಟ್ಟೆ ಅಂಗಡಿಯ ಮಾಳಿಗೆಯಲ್ಲಿ ಇಂಥ ಅಂಗಡಿಗಳನ್ನು ಕಟ್ಟಿಕೊಡುವ ಕೆಲಸ ನಡೆಸುತ್ತಾರೆ. ಅತ್ತರಿನವರಿಗೆ, ಲುಂಗಿಯವರಿಗೆ, ಮಲ್ಲಿಗೆ ಸಸಿ ಮಾರುವವರಿಗೆ ಎಲ್ಲ ಅವರೇ ಮಾಡಿಕೊಟ್ಟದ್ದು. ಶ್ರೀಪತಿಯದನ್ನೂ ಅವರೇ ಮಾಡಿದ್ದು. ನಾನು ಭಟ್ಕಳಕ್ಕೆ ಹೋಗಲು ಅದೇ ಕಾರಣ.

"ಹೊಸ ಅಂಗಡಿ ಮಾಡ್ಬೇಕಾ, ಭಟ್ರೇ? ಯಾವ ಥರ ಬೇಕು?" ಎಂದು ಇಲ್ಯಾಸ್ ಭಾಯಿ ಚಹಾ ತರಿಸಿ ಕೇಳಿದರು.

"ಕುಮಟೆಯ ಶ್ರೀಪತಿಯವರದು ಇದೆಯಲ್ಲ…"

"ಹಾಂ, ಅದರ ಹಾಗೆ?"

"ಅದರ ಹಾಗೆ ಅಲ್ಲ," ಎಂದೆ. ಹೆಂಡತಿಯ ಮಾತನ್ನು ಅಷ್ಟರಮಟ್ಟಿಗೆ ಪಾಲಿಸಿದೆ. "ಅದೇ."

ಇಲ್ಯಾಸ್ ಭಾಯಿ ಗಡ್ಡ ನೀವಿಕೊಂಡರು. "ಅದನ್ನೇ ಕಾಪಿ ಮಾಡಿ ನಿಮ್ಮ ಸರ್ವರಿಗೆ ಹಾಕಿದ್ರೆ ಕೆಲಸ ಸುಲಭ. ಆಮೇಲೆ ಹೆಸರು, ಫೋಟೋ, ವಿಳಾಸ ಎಲ್ಲ ಬದಲಾಯಿಸ್ಬೇಕು. ಎಲ್ಲೆಲ್ಲಿ ಬದಲಾಯಿಸ್ಬೇಕು ಅಂತ ಹುಡುಕೋದೇ ಕಷ್ಟ ನೋಡಿ."

ಹುಡುಕುವ ಕಷ್ಟವನ್ನು ನನಗೆ ಹೇಳುವುದೇ! ನಮ್ಮ ಕಸುಬು ನಡೆಯುವುದೇ ಹಾಗೆ. ಯಾವ ದಸ್ತಾವೇಜು ಬರಹಗಾರನೂ ಪತ್ರವನ್ನು ಮೊದಲಿನಿಂದ ಬರೆಯುವುದಿಲ್ಲ. ಒಂದು ಹಳೆಯ ಪತ್ರವನ್ನು ಎದುರಿಗೆ ಇಟ್ಟುಕೊಂಡು ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಗಡಿ ಬದಲಿಸುತ್ತ ಹೋದರೆ ಹೊಸ ಪತ್ರ ಸಿದ್ಧ. ಎಚ್ಚರ ತಪ್ಪಿದರೆ ಅಪಾಯವೂ ಉಂಟು. ನನ್ನ ಪಕ್ಕದ ಮೇಜಿನ ಗಣಪತಿ ಹೆಗಡೆ ಒಮ್ಮೆ ಹಳೆಯ ಪತ್ರದ ಬಾವಿಯನ್ನು ಹೊಸ ಪತ್ರದಲ್ಲಿ ಹಾಗೆಯೇ ಉಳಿಸಿಬಿಟ್ಟಿದ್ದ. ಜಾಗ ಕೊಂಡವನು ಹಗ್ಗ, ಕೊಡಪಾನ ತಂದು ಇಡೀ ದಿನ ಬಾವಿ ಹುಡುಕಿ, ಸಂಜೆ ಹೆಗಡೆಯ ಮೇಜಿನ ಮುಂದೆ ಬಂದು ಹಗ್ಗ ಹಿಡಿದುಕೊಂಡೇ ನಿಂತಿದ್ದ. ಆ ಹಗ್ಗ ಬಾವಿಗಾಗಿ ತಂದದ್ದೆಂದು ಹೆಗಡೆಗೆ ನಂಬಿಕೆ ಬರಲು ಬಹಳ ಹೊತ್ತು ಬೇಕಾಯಿತು. ಅಂಥ ತಪ್ಪು ನನ್ನಿಂದ ಒಂದು ದಿನವೂ ಆದದ್ದಿಲ್ಲ. ಇದನ್ನು ಇಲ್ಯಾಸ್ ಭಾಯಿಗೆ ವಿವರವಾಗಿ ಹೇಳಿ, "ಬದಲಾಯಿಸುವ ಕೆಲಸ ನನಗೆ ಬಿಡಿ. ಶ್ರೀಪತಿಗೆ ಮಾತ್ರ ಹೇಳಬೇಡಿ," ಎಂದೆ.

ಅವರು ನಕ್ಕು, "ನಿಮ್ಮ ಮನೆಯ ವಿಷಯ, ನನಗೆಂತಕ್ಕೆ," ಎಂದರು.

ಸರ್ವರ್ ಎಂದರೆ ಏನೆಂದು ನನಗೆ ಅಂದು ತಿಳಿಯಿತು. ಅದು ಯಾವುದೋ ಊರಿನಲ್ಲಿ ಹಗಲಿರುಳು ಉರಿಯುವ ಒಂದು ಯಂತ್ರ. ಅದರಲ್ಲಿ ನಮಗೆ ಒಂದು ಮೂಲೆ ಬಾಡಿಗೆಗೆ ಸಿಗುತ್ತದೆ. ನಮ್ಮ ಮೂಲೆ ಮುಂಬಯಿಯಲ್ಲಿ ಎಂದರು. ಬಾಡಿಗೆ ಕರಾರಿನ ಷರತ್ತುಗಳನ್ನು ಓದಬೇಕೆಂದೆ. ಅದು ಇಂಗ್ಲಿಷಿನಲ್ಲಿ ಬಹಳ ಉದ್ದವಿತ್ತು. ಇಷ್ಟು ದಿನದಲ್ಲಿ ಯಾರೂ ಅದನ್ನು ಓದಿಲ್ಲವೆಂದೂ, ಓದಲು ಕುಳಿತವನು ನಾನೇ ಮೊದಲಿಗನೆಂದೂ ಇಲ್ಯಾಸ್ ಭಾಯಿ ಹೇಳಿದರು. ಅರ್ಧ ಓದಿ, ಚಹಾ ಆರಿದ್ದು ಕಂಡು, ಒಪ್ಪಿಗೆಯ ಚೌಕದಲ್ಲಿ ಗುರುತು ಹಾಕಿದೆ. ಆಮೇಲೆ ಅಂಗಡಿಯ ಬೀಗಕ್ಕೆ ಗುಪ್ತಪದ ಕೇಳಿತು. ಹೆಂಡತಿಯ ಹೆಸರು ಕೊಟ್ಟೆ. 'ಇದು ದುರ್ಬಲ' ಎಂದು ಕೆಂಪು ಅಕ್ಷರದಲ್ಲಿ ಬಂತು. ಆ ತಂತ್ರಾಂಶಕ್ಕೆ ವತ್ಸಲಾಳ ಪರಿಚಯವಿಲ್ಲ. ಅತ್ತೆಯ ಹೆಸರು ಕೊಟ್ಟೆ. 'ಮಧ್ಯಮ' ಎಂದಿತು. ಇಬ್ಬರ ಹೆಸರನ್ನೂ ಸೇರಿಸಿ ನಡುವೆ ಒಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿದ ಮೇಲೆ 'ಪ್ರಬಲ' ಎಂದು ಒಪ್ಪಿಕೊಂಡಿತು. ಅದು ನನ್ನ ಸಂಸಾರದ ಅನುಭವಕ್ಕೂ ಸರಿಹೊಂದುತ್ತಿತ್ತು.

ಮುಂದಿನ ಕೆಲವು ದಿನ ಸಂಜೆಗಳಲ್ಲಿ ನನ್ನ ಮೇಜಿನ ಕಂಪ್ಯೂಟರಿನಲ್ಲಿ ಕುಳಿತು ಬದಲಾವಣೆ ಮಾಡಿದೆ. ಸರಸಕ್ಕನ ಹೆಸರಿದ್ದಲ್ಲಿ ವತ್ಸಲಾ. ಕುಮಟಾ ಇದ್ದಲ್ಲಿ ಹೊನ್ನಾವರ. ಸರಸಕ್ಕ ಭರಣಿ ಹಿಡಿದು ನಿಂತ ಫೋಟೋ ಇದ್ದಲ್ಲಿ ವತ್ಸಲಾ ಭರಣಿ ಹಿಡಿದು ನಿಂತ ಫೋಟೋ. ಶ್ರೀಪತಿ ಬರೆಸಿದ್ದ 'ನಮ್ಮ ಆಯಿಯ ಕೈರುಚಿ' ಎಂಬ ವಾಕ್ಯವನ್ನು ಮಾತ್ರ ಮುಟ್ಟಲಿಲ್ಲ. ಆಯಿ ಇಬ್ಬರಿಗೂ ಒಬ್ಬರೇ. ಕೊನೆಯಲ್ಲಿ ನನ್ನ ಮೊಬೈಲಿಗೆ ಆರ್ಡರ್ ಬಂದಾಗ ಕೇಳಬೇಕಾದ ಶಬ್ದವನ್ನು ಆರಿಸುವ ಪ್ರಶ್ನೆ ಬಂತು. ಹಕ್ಕಿಯ ಕೂಗಿತ್ತು, ಕೊಳಲಿತ್ತು, ನೀರಿನ ಸದ್ದಿತ್ತು. ನಾನು ಎಲ್ಲವನ್ನೂ ಕೇಳಿ ನೋಡಿ, ದೇವಸ್ಥಾನದ ಗಂಟೆಯನ್ನು ಆರಿಸಿಕೊಂಡೆ. ಪುರೋಹಿತರು ನನ್ನನ್ನೂ "ಎಲ್ಲಿಂದ ಬಂತು?" ಎಂದು ಕೇಳಬೇಕಾಗಿತ್ತು. ನಾನು ನಾಚಿಕೊಳ್ಳದೆ ಉತ್ತರಿಸಬೇಕೆಂದು ನಿಶ್ಚಯಿಸಿದ್ದೆ.

ವತ್ಸಲಾ ಒಂದೆರಡು ಸಲ ಬಂದು ಇಣುಕಿದಳು. "ಹಸಿರಾ?" ಎಂದಳು. "ಮಿಡಿಗೆ ಹಸಿರೇ ಸರಿ," ಎಂದೆ. ಅವಳು ಒಳಗೆ ಹೋದಳು. ಮುಖ ಸಪ್ಪಗಾಗಿತ್ತು ಎಂದು ಈಗ ನೆನಪಾಗುತ್ತದೆ. ಆಗ ನನ್ನ ಗಮನ ಹಸಿರಿನ ಮೇಲಿತ್ತು.

ಎಲ್ಲ ಮುಗಿದ ಮೇಲೆ ಇಲ್ಯಾಸ್ ಭಾಯಿ ಫೋನ್ ಮಾಡಿ, "ಒಂದು ಟೆಸ್ಟ್ ಆರ್ಡರ್ ಹಾಕಿ ನೋಡ್ಬೇಕು ಭಟ್ರೇ. ಸುಮ್ಮನೆ ಒಂದು ಸುಳ್ಳು ಹೆಸರಲ್ಲಿ," ಎಂದರು.

ಇಲ್ಲಿ ನಾನು ತಡೆದೆ. ಅಂಗಡಿಯ ಮೊದಲ ವ್ಯಾಪಾರ ಎಂದರೆ ಬೋಣಿ. ಅದು ಒಳ್ಳೆಯ ಕೈಯಿಂದ ಆಗಬೇಕು. ಬೋಣಿಗೆ ಬಂದವನು ಚೌಕಾಶಿ ಮಾಡಿ ಬರಿಗೈಯಲ್ಲಿ ಹೋದರೇ ಇಡೀ ದಿನ ಕೆಟ್ಟಿತೆಂದು ನಮ್ಮ ಪೇಟೆಯವರು ಕೊರಗುತ್ತಾರೆ. ಹಾಗಿರುವಾಗ ಹೊಸ ಅಂಗಡಿಯ ಬೋಣಿಯೇ ಸುಳ್ಳು ಹೆಸರಿನವನಿಂದ, ಸುಳ್ಳು ವಿಳಾಸಕ್ಕೆ, ಕೊಳ್ಳುವ ಮನಸ್ಸಿಲ್ಲದೆ ಆದರೆ? ನಾನು ಇದನ್ನು ಹೇಳಿದಾಗ ಇಲ್ಯಾಸ್ ಭಾಯಿ ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ.

"ಬೋಣಿ ವಿಷಯ ನನಗೆ ನೆನಪಾಗ್ಲಿಲ್ಲ," ಎಂದರು, ತಗ್ಗಿದ ದನಿಯಲ್ಲಿ. "ನಮ್ಮ ಅಬ್ಬಾನೂ ಅದರಲ್ಲಿ ಬಹಳ ಕಟ್ಟುನಿಟ್ಟು. ದುಬೈಯಲ್ಲಿ ಎಲ್ಲ ಮರೆತುಹೋಗಿತ್ತು ನೋಡಿ. ಆಯ್ತು, ಟೆಸ್ಟ್ ಬ್ಯಾಡ. ಯಾರ ಕೈಯಲ್ಲಿ ಮಾಡಿಸ್ತೀರಿ?"

"ನಮ್ಮ ಅತ್ತೆಯ ಕೈಯಲ್ಲಿ."

"ಮಾದೇವಿಯಮ್ಮನವರಾ! ಮತ್ತೆಂತ ಬೇಕು?"

ಅತ್ತೆಯ ಕೈಗುಣ ಭಟ್ಕಳದವರೆಗೆ ತಿಳಿದಿರುವುದರಲ್ಲಿ ಆಶ್ಚರ್ಯವಿಲ್ಲ. ಹೊನ್ನಾವರ ಪೇಟೆಯಲ್ಲಿ ಎಷ್ಟೋ ಅಂಗಡಿಗಳಿಗೆ ಅವರ ಬೋಣಿ ಆಗಿದೆ. ಅವರು ಮೊದಲ ಬಳೆ ಕೊಂಡ ಬಳೆಯ ಅಂಗಡಿ ಈಗ ಮೂರು ಬಾಗಿಲಿನದಾಗಿದೆ. ಅವರು ಮೊದಲ ಬನ್ನು ಕೊಂಡ ಬೇಕರಿಯಲ್ಲಿ ಈಗ ಕೂರಲು ಜಾಗ ಸಿಗುವುದಿಲ್ಲ. ಶ್ರೀಪತಿಯ ಆನ್‌ಲೈನ್ ಅಂಗಡಿಯ ಬೋಣಿಯೂ ಅವರದೇ. ಒಂದೇ ಒಂದು ನಿಯಮವನ್ನು ಅವರು ಮೊದಲಿನಿಂದ ಪಾಲಿಸಿಕೊಂಡು ಬಂದಿದ್ದಾರೆ: ಒಂದು ಅಂಗಡಿಗೆ ಒಂದೇ ಸಲ ಕೈ. ಕೊಟ್ಟ ಕೈಯನ್ನು ಮತ್ತೆ ಕೊಡುವುದಿಲ್ಲ.

ಹೀಗೆ, ಒಬ್ಬ ದುಬೈಯಲ್ಲಿ ಪಳಗಿದ ಕಂಪ್ಯೂಟರ್ ತಜ್ಞ, ಒಬ್ಬ ಅನುಭವಿ ದಸ್ತಾವೇಜು ಬರಹಗಾರ, ಇಬ್ಬರೂ ಸೇರಿ, ಪೂರ್ಣ ಸ್ವಸ್ಥಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಅಂಗಡಿಯನ್ನು ಪರೀಕ್ಷಿಸದೆ ತೆರೆಯಲು ಒಪ್ಪಿದೆವು.

ಭಾನುವಾರ ಬೆಳಿಗ್ಗೆ ಇಡಗುಂಜಿಯ ಗಣಪತಿಯ ಗುಡಿಗೆ ಹೋಗಿ ಕಾಯಿ ಒಡೆಸಿಕೊಂಡು ಬಂದೆವು. ಕುಮಟೆಯಿಂದ ಶ್ರೀಪತಿ, ಸರಸಕ್ಕ ಬಂದರು. ಶ್ರೀಪತಿಯನ್ನು ಕರೆಯುವುದು ಬೇಡವೆಂದು ನನ್ನ ಅಭಿಪ್ರಾಯವಿತ್ತು. ಆದರೆ ಅವನು ನೋಡದೆ ಇದ್ದರೆ ಆ ಅಂಗಡಿ ತೆರೆದೂ ಪ್ರಯೋಜನವೇನು ಎಂಬ ಅಭಿಪ್ರಾಯವೂ ಇತ್ತು. ಎರಡನೆಯದು ಗೆದ್ದಿತು. ಅವನು ನಮ್ಮ ಅಂಗಡಿಯನ್ನು ತನ್ನ ಮೊಬೈಲಿನಲ್ಲಿ ತೆರೆದು ನೋಡಿ, ಅದು ತನ್ನದರ ಪಡಿಯಚ್ಚು ಎಂದು ಕಂಡರೂ, "ರಾಶಿ ಚೊಲೋ ಬೈಂದು ಭಾವ," ಎಂದ. ಸರಸಕ್ಕ ಗಂಡನ ಮುಖ ನೋಡಿದಳು, ಆಮೇಲೆ ತಂಗಿಯ ಮುಖ ನೋಡಿದಳು. ವತ್ಸಲಾ ನೆಲ ನೋಡುತ್ತಿದ್ದಳು.

ಜಗಲಿಯ ನಡುವೆ ಮಣೆ ಹಾಕಿ ಅತ್ತೆಯನ್ನು ಕೂರಿಸಿದೆವು. ವತ್ಸಲಾ ತನ್ನ ಮೊಬೈಲನ್ನು ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತಳು. ನಾನು ನನ್ನ ಮೊಬೈಲನ್ನು ಅಂಗಿಯ ಎಡಗಿಸೆಯಲ್ಲಿ ಇಟ್ಟುಕೊಂಡು ಕಂಬಕ್ಕೆ ಒರಗಿ ನಿಂತೆ. ಶ್ರೀಪತಿ ನನ್ನ ಬಲಕ್ಕೆ, ಒಂದು ಮೊಳ ದೂರದಲ್ಲಿ ನಿಂತಿದ್ದ. ಈ ದೂರ ಮುಂದಿನ ಸಂಗತಿಗೆ ಮುಖ್ಯ.

"ಎಂತ ಒತ್ತವು?" ಅತ್ತೆ ಕೇಳಿದರು.

"ಮೊದ್ಲು ಬಾಟ್ಲಿ ಮೇಲೆ ಒತ್ತು ಆಯಿ. ಹ್ಞಾಂ. ಈಗ ಕೆಳಗೆ."

"ಇದು ಯನ್ನ ಹೆಸರು ಕೇಳ್ತು."

"ಹೇಳು, ಆನು ಬರೀತೆ. ದುಡ್ಡು ಮನೆ ಬಾಗ್ಲಲ್ಲಿ ಕೊಡ್ತೆ ಹೇಳಿ ಒತ್ತಿದ್ದಿ. ಈಗ ಕಡೇದು. ನೀನೇ ಒತ್ತು."

ಅತ್ತೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ, ತುಟಿ ಅಲುಗಿಸಿ, ಒತ್ತಿದರು.

ಟಣ್!

ಆ ನಾದವನ್ನು ನಾನು ಏನೆಂದು ಹೇಳಲಿ! ವತ್ಸಲಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಸರಸಕ್ಕ ಚಪ್ಪಾಳೆ ತಟ್ಟಿದಳು. ಶ್ರೀಪತಿ ನನ್ನ ಬೆನ್ನು ತಟ್ಟಿ, "ಬಂತಲ್ಲ ಭಾವ!" ಎಂದ. ನಾನು ಎಡಗಿಸೆಗೆ ಕೈ ಹಾಕಿ ಮೊಬೈಲ್ ತೆಗೆದೆ. ನನ್ನ ಜೀವನದಲ್ಲಿ ಹೊಟ್ಟೆಕಿಚ್ಚೇ ಇಲ್ಲದೆ ಕಳೆದ ಹೊತ್ತು ಯಾವುದೆಂದು ಯಾರಾದರೂ ಕೇಳಿದರೆ, ಆ ಗಂಟೆಗೂ ನಾನು ಮೊಬೈಲಿನ ಪರದೆಯನ್ನು ನೋಡಿದ್ದಕ್ಕೂ ನಡುವಿನ ಹೊತ್ತು ಎಂದು ಹೇಳುತ್ತೇನೆ. ಶ್ರೀಪತಿಯ ಮೇಲೆ ಪ್ರೀತಿಯೂ ಉಕ್ಕಿತ್ತು.

ಪರದೆಯಲ್ಲಿ ಏನೂ ಇರಲಿಲ್ಲ. ಒರೆಸಿ ನೋಡಿದೆ. ಆಗಲೂ ಇರಲಿಲ್ಲ.

ತಲೆ ಎತ್ತಿದಾಗ ಕಂಡದ್ದು ಇಷ್ಟು: ಶ್ರೀಪತಿ ತನ್ನ ಕಿಸೆಯಿಂದ ಮೊಬೈಲನ್ನು ಅರ್ಧ ಹೊರಗೆ ತೆಗೆದಿದ್ದ. ಅದನ್ನು ನೋಡಿದ. ಅವನ ಮುಖ ಬಿಳುಚಿತು. ಮೆಲ್ಲಗೆ ಮತ್ತೆ ಕಿಸೆಯೊಳಗೆ ಬಿಡಲು ಹೊರಟ. ಅವನು ಹಾಗೆ ಮಾಡಿದ್ದು ನನ್ನನ್ನು ಉಳಿಸಲಿಕ್ಕೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಷ್ಟರಲ್ಲಿ ಸರಸಕ್ಕ ಅವನ ತೋಳಿನ ಕೆಳಗಿಂದ ಇಣುಕಿದಳು.

"ಆಯಿ ಹೆಸ್ರಲ್ಲಿ ಆರ್ಡರ್ ಯಂಗ್ಳ ಅಂಗಡಿಗೆ ಬೈಂದು!"

ನಾನು ಅಂಗಳಕ್ಕೆ ಇಳಿದು ಇಲ್ಯಾಸ್ ಭಾಯಿಗೆ ಫೋನ್ ಮಾಡಿದೆ. ಅವರು ಅಲ್ಲಿಂದಲೇ ಏನೋ ನೋಡಿ ನಿಟ್ಟುಸಿರುಬಿಟ್ಟರು. "ನೀವು ಎಲ್ಲ ಬದಲಾಯಿಸಿದ್ದೀರಿ ಭಟ್ರೇ. ಕೊನೆಯ ಗುಂಡಿ ಒಂದು ಬಿಟ್ಟುಹೋಗಿದೆ. ಅದರ ಹಿಂದೆ ಶ್ರೀಪತಿಯವರ ಅಂಗಡಿ ವಿಳಾಸವೇ ಉಂಟು. ಗಿರಾಕಿ ನಿಮ್ಮ ಬಾಗಿಲಲ್ಲಿ ಒಳಗೆ ಬರ್ತಾನೆ, ನಿಮ್ಮ ಬಾಟ್ಲಿ ಎತ್ತಿಕೊಳ್ತಾನೆ, ಗುಂಡಿ ಒತ್ತಿದ ಕೂಡ್ಲೆ ಅವರ ಗಲ್ಲಾಪೆಟ್ಟಿಗೆ ಮುಂದೆ ನಿಂತಿರ್ತಾನೆ. ಎರಡೂ ಒಂದೇ ಥರ ಅಲ್ವಾ, ಅವನಿಗೆ ಗೊತ್ತೇ ಆಗೋದಿಲ್ಲ. ಟೆಸ್ಟ್ ಮಾಡಿದ್ರೆ ಸಿಕ್ಕಿಬೀಳ್ತಿತ್ತು…" ಎಂದವರು, "ಆದ್ರೆ ಬೋಣಿ," ಎಂದು ತಾವೇ ನಿಲ್ಲಿಸಿದರು. ಅಲ್ಲಿ ಕೂತೇ ಗುಂಡಿಯನ್ನು ಸರಿಮಾಡಿದರು. ಮಾಡಲು ಹಿಡಿದ ಹೊತ್ತು, ನಾನು ಚಪ್ಪಲಿ ಹಾಕಿಕೊಂಡು ಮತ್ತೆ ಬಿಚ್ಚುವಷ್ಟು.

ಒಳಗೆ ಬಂದು, ಮೈಯೆಲ್ಲ ನಮ್ರವಾಗಿ, "ಅತ್ತೆ, ಈಗ ಸರಿಯಾಯ್ತು. ಇನ್ನೊಂದು ಸಲ…" ಎಂದೆ.

ಅತ್ತೆ ಮಣೆಯಿಂದ ಎದ್ದಾಗಿತ್ತು. "ಕೈ ಕೊಟ್ಟಾತು," ಎಂದರು. "ವತ್ಸಲನ ಅಂಗಡಿಗೆ ಹೇಳಿ ಕಣ್ಣು ಮುಚ್ಚಿ ಕೊಟ್ಟೆ. ಅದು ಎಲ್ಲಿಗೆ ಹೋತು ಹೇಳಿ ನಿಂಗಕ್ಕೇ ಗೊತ್ತು. ಯನ್ನ ಹತ್ರ ಎರಡನೇ ಸಲ ಆಗ್ತಿಲ್ಲೆ."

ಸರಸಕ್ಕ, "ಆಯಿ, ಅವಳ ಮೋರೆ ಆದ್ರೂ ನೋಡು," ಎಂದಳು. ಅತ್ತೆ ನೋಡಿದರು. ಅವರ ಕಣ್ಣೂ ತುಂಬಿತು. ಆದರೆ ನಿಯಮ ನಿಯಮವೇ. ಒಂದು ಸಲ ಸಡಿಲಿಸಿದರೆ ಇಡೀ ಪೇಟೆಗೆ ತಾನು ಕೊಟ್ಟ ಕೈಗೆಲ್ಲ ಬೆಲೆ ಹೋಗುತ್ತದೆ ಎಂದರು.

ವತ್ಸಲಾ ಎದ್ದು ಅಡುಗೆಮನೆಗೆ ಹೋದಳು. ನಾನು ಹಿಂದೆ ಹೋದೆ. ಅವಳು ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು, ಒಲೆ ಹೊತ್ತಿಸಿರಲಿಲ್ಲ.

"ಆನು ಎಂತ ಹೇಳಿದ್ದಿ?" ಎಂದಳು. "ಅಕ್ಕಂದ್ರ ಹಾಂಗೆ ಬ್ಯಾಡ ಹೇಳಿದ್ದಿ. ಒಂದೇ ಮಾತು ಹೇಳಿದ್ದು. ನಿಂಗಕ್ಕೆ ಯನ್ನ ಅಂಗಡಿ ಬೇಕಾಗಿತ್ತಿಲ್ಲೆ. ಭಾವನ ಅಂಗಡಿ ಬೇಕಾಗಿತ್ತು."

ಈ ಮಾತಿಗೆ ಯಾವ ತಕರಾರು ಅರ್ಜಿಯನ್ನೂ ನಾನು ಇವತ್ತಿನವರೆಗೆ ಸಲ್ಲಿಸಿಲ್ಲ. ಎಷ್ಟೋ ಜನರ ಪರವಾಗಿ ಎಷ್ಟೋ ಕಾಗದ ಬರೆದಿದ್ದೇನೆ. ನನ್ನ ಪರವಾಗಿ ಬರೆಯಲು ಒಂದು ಸಾಲೂ ಹೊಳೆಯಲಿಲ್ಲ. ಅಲ್ಲಿಯೇ ನಿಂತು ಒಂದು ಚಮಚವನ್ನು ಎತ್ತಿ ಬೇರೆ ಕಡೆ ಇಟ್ಟೆ.

ಆಗ ಶ್ರೀಪತಿ ಅಡುಗೆಮನೆಯ ಬಾಗಿಲಿಗೆ ಬಂದ. ಒಳಗೆ ಕಾಲಿಡದೆ, ಹೊಸ್ತಿಲಾಚೆ ನಿಂತು, "ವತ್ಸಲಾ, ನಿನ್ನ ಅಂಗಡಿ ಬಾಗ್ಲು ತೆಕ್ಕಂಡಿದ್ದು ಅಲ್ದಾ?" ಎಂದ.

"ಎಂತ ಅಂಗಡಿಯೋ."

"ಯಂಗೊಂದು ಬಾಟ್ಲಿ ಬೇಕಾಗಿತ್ತು. ಯನ್ನ ಕೈ ಆಯಿ ಕೈ ಹಾಂಗೆ ಅಲ್ಲ. ಕೊಡೆ ರಿಪೇರಿ ಮಾಡೋ ಕೈ. ಅಡ್ಡಿಲ್ಯಾ?"

ವತ್ಸಲಾ ತಿರುಗಿದಳು. "ಮನೇಲೇ ಉಪ್ಪಿನಕಾಯಿ ಇಟ್ಕಂಡು ನಿಂಗಕ್ಕೆ ಎಂತಕ್ಕೆ ಭಾವ?"

"ಅದು ನಿನ್ನ ಅಕ್ಕಂದು. ಯಂಗೆ ನಿಂದು ಬೇಕು."

ಇಷ್ಟು ಸಣ್ಣ ಮಾತು. ಇದು ನನಗೆ ಏಕೆ ಹೊಳೆಯಲಿಲ್ಲ ಎಂಬ ವಿಷಯದಲ್ಲಿ ನಾನು ಈಗಲೂ ವಿಚಾರಣೆ ನಡೆಸುತ್ತಿದ್ದೇನೆ. ವತ್ಸಲಾ ಸೆರಗಿನಿಂದ ಮುಖ ಒರೆಸಿಕೊಂಡು, "ಅಡ್ಡಿಲ್ಲೆ," ಎಂದಳು. ಶ್ರೀಪತಿ ಅಲ್ಲೇ ನಿಂತು ತನ್ನ ಮೊಬೈಲಿನಲ್ಲಿ ಒತ್ತಿದ. 'ಟಣ್' ಎಂದಿತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವನ ಬೆನ್ನ ಹಿಂದೆ ಬಂದಿದ್ದ ಅತ್ತೆ, ಸರಸಕ್ಕ ಸೇರಿ ಎಲ್ಲರೂ ಮೊದಲು ಅವನ ಕೈಯ ಮೊಬೈಲ್ ನೋಡಿದರು, ಆಮೇಲೆ ನನ್ನ ಕಿಸೆ ನೋಡಿದರು. ನಾನು ಮೊಬೈಲ್ ತೆಗೆದು, ಹೆಸರು, ಊರು, ವಸ್ತು, ಸಂಖ್ಯೆ ಎಲ್ಲವನ್ನೂ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಅತ್ತೆ, "ಹಂಗಾರೆ ಆತು," ಎಂದು ಊಟಕ್ಕೆ ಹೊರಟರು.

ಊಟದ ನಡುವೆ ಶ್ರೀಪತಿ ಒಂದು ಮಾತು ಹೇಳಿದ. ಇಲ್ಯಾಸ್ ಭಾಯಿ ಕಾಪಿ ಮಾಡುವ ಮೊದಲೇ ಅವನಿಗೆ ಫೋನ್ ಮಾಡಿ ಅನುಮತಿ ಕೇಳಿದ್ದರಂತೆ. "ಅವರು ಪಾಪ, ಕೇಳದೇ ಮುಟ್ಟೋರಲ್ಲ. ಆನು ಧಾರಾಳ ಕೊಡಿ ಹೇಳ್ದಿ. ನಮ್ಮನೆಯದೇ ಅಲ್ದಾ." ನಾನು ತಂಬುಳಿಯನ್ನು ನೋಡುತ್ತ ಊಟ ಮಾಡಿದೆ.

ಮರುವಾರ ವತ್ಸಲಾ ತಾನೇ ಭಟ್ಕಳಕ್ಕೆ ಹೋಗಿ ಇಲ್ಯಾಸ್ ಭಾಯಿಯ ಪಕ್ಕದಲ್ಲಿ ಕುಳಿತು ಅಂಗಡಿಯನ್ನು ಮೊದಲಿನಿಂದ ಕಟ್ಟಿಸಿದಳು. ಹಸಿರು ಹೋಗಿ ಮುರುಗಲು ಹಣ್ಣಿನ ಕೆಂಪು ಬಂತು. ಭರಣಿ ಹಿಡಿದು ನಿಂತ ಫೋಟೋ ಹೋಗಿ ಬರೀ ಅವಳ ಕೈಗಳು, ಮಿಡಿಯ ತೊಟ್ಟು ಮುರಿಯುತ್ತಿರುವುದು, ಬಂತು. 'ನಮ್ಮ ಆಯಿಯ ಕೈರುಚಿ' ಎಂಬ ಸಾಲಿನ ಜಾಗದಲ್ಲಿ 'ವತ್ಸಲಾ ಮಾಡಿದ್ದು' ಎಂದಷ್ಟೇ ಇದೆ. ಗಂಟೆ ಹೋಗಿ ನೀರಿನ ಸದ್ದು ಬಂದಿದೆ. ಅಂಗಡಿ ನಡೆಯುತ್ತಿದೆ. ಸಾಧಾರಣವಾಗಿ ಅಲ್ಲ, ಬಹಳ ಚೆನ್ನಾಗಿ ನಡೆಯುತ್ತಿದೆ. ನಾಗಪುರದಿಂದ, ಕೊಯಮತ್ತೂರಿನಿಂದ ಕೇಳಿದವರೇ ಮತ್ತೆ ಕೇಳುತ್ತಿದ್ದಾರೆ. ಪಾರ್ಸೆಲ್ ಕಟ್ಟಲು ನಾನು ಕಚೇರಿಯಿಂದ ಬೇಗ ಬರುತ್ತೇನೆ. ಯಾರೂ ಅವಳನ್ನು ಈಗ ಸರಸಕ್ಕನ ತಂಗಿ ಎನ್ನುವುದಿಲ್ಲ. ಮೊನ್ನೆ ಸರಸಕ್ಕನನ್ನೇ ಯಾರೋ "ವತ್ಸಲಾ ಅವ್ರ ಅಕ್ಕ ಅಲ್ದಾ?" ಎಂದು ಕೇಳಿದರಂತೆ. ಅದನ್ನು ಸರಸಕ್ಕನೇ ನಗುತ್ತ ಹೇಳಿದಳು.

ಇಷ್ಟರಿಂದ ನಾನು ಸುಖವಾಗಿರಬೇಕಿತ್ತು. ಆದರೆ ಈ ಯಶಸ್ಸಿಗೆ ಕಾರಣವೇನೆಂದು ಊರು ಹೇಳುತ್ತದೆ? ಉಪ್ಪಿನಕಾಯಿ ಎನ್ನುವುದಿಲ್ಲ. ಕೆಂಪು ಬಣ್ಣ ಎನ್ನುವುದಿಲ್ಲ. ನಾನು ಕಟ್ಟುವ ಪಾರ್ಸೆಲ್ಲಿನ ಗಂಟನ್ನಂತೂ ಯಾರೂ ನೆನೆಯುವುದಿಲ್ಲ. "ಶ್ರೀಪತಿಯ ಕೈಗುಣ" ಎನ್ನುತ್ತಾರೆ. "ಮಾದೇವಿಯಮ್ಮನ ಕೈಯೇ ತಪ್ಪಿಹೋದ ಅಂಗಡಿ ಅದು, ಅವನ ಕೈ ಬಿದ್ದದ್ದೇ ಎದ್ದು ನಿಂತಿತು!" ಕುಮಟೆಯಲ್ಲಿ ಹೊಸ ಬೇಕರಿ ತೆರೆದವರು ಅವನಿಂದ ಬೋಣಿ ಮಾಡಿಸಿದರು. ಹೊಳೆಯಾಚೆಯ ಕಾಸರಕೋಡಿನಲ್ಲಿ ಮೀನುಬಲೆಯ ಅಂಗಡಿಯವರು ಮಾಡಿಸಿದರು. ಮೀನು ತಿನ್ನದ ಮನುಷ್ಯ ಅಲ್ಲಿ ಹೋಗಿ ಬಲೆ ಕೊಂಡು ಬಂದಿದ್ದಾನೆ. ಭಟ್ಕಳದಲ್ಲಿ ಇಲ್ಯಾಸ್ ಭಾಯಿ ತಾವು ಕಟ್ಟಿದ ಯಾವ ಅಂಗಡಿಯನ್ನೂ ಈಗ ಅವನನ್ನು ಕೇಳದೆ ತೆರೆಯುವುದಿಲ್ಲ. ಅತ್ತೆಯಂತೂ ತಮಗೆ ಬರುವ ಕರೆಗಳನ್ನೆಲ್ಲ ಅವನ ಕಡೆಗೆ ಕಳಿಸುತ್ತಿದ್ದಾರೆ. ನನ್ನ ಪಕ್ಕದ ಮೇಜಿನ ಗಣಪತಿ ಹೆಗಡೆ ಹೊಸ ಪ್ರಿಂಟರ್ ತಂದಾಗ, ಮೊದಲ ಪುಟ ಶ್ರೀಪತಿಯ ಕೈಯಿಂದ ತೆಗೆಸಬೇಕೆಂದು ನನ್ನನ್ನೇ ಕೇಳಿದ, ಅವನಿಗೆ ಒಂದು ಮಾತು ಹೇಳುತ್ತೀಯಾ ಎಂದು.

ಆ ಕೈಯನ್ನು ಊರಿಗೆ ಪರಿಚಯಿಸಿದವನು ನಾನು. ಇದಕ್ಕೆ ಯಾವ ಪತ್ರದಲ್ಲೂ ದಾಖಲೆಯಿಲ್ಲ.

ಕಳೆದ ವಾರ ಒಂದು ದಿನ ಸಂಜೆ ಮನೆಗೆ ಬಂದಾಗ ಬೆಳಿಗ್ಗೆಯಿಂದ ನೀರಿನ ಸದ್ದು ಒಂದು ಸಲವೂ ಆಗಿರಲಿಲ್ಲ. ಮರುದಿನವೂ ಆಗಲಿಲ್ಲ. ನಾನು ಕುರ್ಚಿಯಲ್ಲಿ ಕುಳಿತು ಮೊಬೈಲನ್ನು ಎದುರಿಗೆ ಇಟ್ಟುಕೊಂಡು ನೋಡುತ್ತಿದ್ದೆ. ಮಿಡಿಯ ಭರಣಿಗಳು ಸಾಲಾಗಿ ತುಂಬಿ ನಿಂತಿದ್ದವು. ಕಟ್ಟಲು ಕೆಲಸವಿರಲಿಲ್ಲ. ಶ್ರೀಪತಿಯ ಕೈಗುಣ ಅಂದರೆ ಅಷ್ಟೇ, ಅದೇನು ಶಾಶ್ವತವೇ, ಎಂದು ಯೋಚಿಸುತ್ತಿರುವಾಗ ಮನಸ್ಸಿಗೆ ಬಹಳ ದಿನಗಳ ಮೇಲೆ ಒಂದು ತಂಪು ಗಾಳಿ ಬೀಸಿದಂತೆ ಆಯಿತು.

ವತ್ಸಲಾ ಒಳಗಿನಿಂದ ಬಂದು, "ಇವತ್ತೂ ಇಲ್ಯಾ?" ಎಂದು ಕಳವಳದಿಂದ ಕೇಳಿದಳು.

"ಒಂದೂ ಇಲ್ಲೆ," ಎಂದೆ.

ಅವಳು ಭರಣಿಗಳ ಕಡೆ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಬಹಳ ಹೊತ್ತು ನೋಡಿದಳು.

"ಅದಕ್ಕೆ ಎಂತಕ್ಕೆ ನಗಾಡ್ತ್ರಿ?" ಎಂದಳು.